ಎಪ್‌ಕಾಟ್‌ನ ಕ್ರಿಸ್‌ಮಸ್ ಸಂಗೀತ ಕಚೇರಿ: ಒಳ್ಳೆ ಸೀಟಿಗೆ ದುಡ್ಡು ಕೊಡಬೇಕಾ, ಕ್ಯೂ ನಿಲ್ಲಬೇಕಾ?

ಡಿಸೆಂಬರ್ ರಜೆಗೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಹೊರಟವರು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. ಎಪ್‌ಕಾಟ್ ಪಾರ್ಕಿನಲ್ಲಿ ನಡೆಯುವ ಕ್ಯಾಂಡಲ್‌ಲೈಟ್ ಪ್ರೊಸೆಷನಲ್‌ಗೆ ಊಟದ ಜೊತೆ ಸೀಟೂ ಸಿಗುವ ಪ್ಯಾಕೇಜ್ ತೆಗೆದುಕೊಳ್ಳಬೇಕಾ, ಇಲ್ಲ ಸುಮ್ನೆ ಕ್ಯೂ ನಿಂತರೆ ಸಾಕಾ? ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಯಾವ ರಾತ್ರಿ ಹೋಗುತ್ತೀರಿ? ರಾತ್ರಿ ಸರಿಯಾಗಿ ಆರಿಸಿಕೊಂಡರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ತಪ್ಪಾಗಿ ಆರಿಸಿಕೊಂಡರೆ ದುಡ್ಡು ಕೊಟ್ಟೂ ಮೂಲೆಯಲ್ಲಿ ಕೂರಬೇಕಾಗಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಮಿಕ್ಕಿ ಮೌಸ್ ಕುಣಿಯುವ ಕಾರ್ಯಕ್ರಮ ಅಲ್ಲ. ಬೈಬಲ್‌ನಲ್ಲಿ ಬರುವ ಯೇಸುವಿನ ಜನನದ ಕಥೆಯನ್ನು ಒಬ್ಬ ಹೆಸರಾಂತ ನಟ ಅಥವಾ ನಟಿ ಓದುತ್ತಾರೆ. ನಡುನಡುವೆ ದೊಡ್ಡ ಕಾಯರ್, ಅಂದರೆ ಗಾಯಕರ ತಂಡ, ಒಟ್ಟಿಗೆ ಹಾಡುತ್ತದೆ. ಜೊತೆಗೆ ಸುಮಾರು 50 ಜನರ ಆರ್ಕೆಸ್ಟ್ರಾ. ಒಟ್ಟು ಮುಕ್ಕಾಲು ಗಂಟೆಯ ಒಳಗೇ ಮುಗಿಯುತ್ತದೆ. 1958ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಈ ಪದ್ಧತಿ ಶುರುವಾಯಿತು. 1971ರಲ್ಲಿ ಡಿಸ್ನಿ ವರ್ಲ್ಡ್ ಬಾಗಿಲು ತೆರೆದ ವರ್ಷವೇ ಅಲ್ಲಿಗೂ ಬಂತು. ಮೊದಲು ಅಲ್ಲಿನ ಇನ್ನೊಂದು ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಡೆಯುತ್ತಿತ್ತು, 1994ರಿಂದ ಎಪ್‌ಕಾಟ್‌ನಲ್ಲಿ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನದಿಂದ ಡಿಸೆಂಬರ್ 30ರವರೆಗೆ, ರಾತ್ರಿಗೆ ಮೂರು ಪ್ರದರ್ಶನ. ಪಾರ್ಕ್ ಟಿಕೆಟ್ ಇದ್ದರೆ ಇದಕ್ಕೆ ಬೇರೆ ಟಿಕೆಟ್ ಬೇಡ. ಅದಕ್ಕೇ ಇಷ್ಟು ನೂಕುನುಗ್ಗಲು!

ಜಾಗದ ಪರಿಚಯ ಇದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಎಪ್‌ಕಾಟ್‌ನ ಹಿಂಭಾಗದಲ್ಲಿ ಒಂದು ದೊಡ್ಡ ಕೆರೆ. ಅದರ ಸುತ್ತ 11 ದೇಶಗಳ ಮಂಟಪಗಳು. ಪ್ರವೇಶದ್ವಾರದಿಂದ ನೋಡಿದರೆ ಕೆರೆಯ ಆಚೆ ದಡದಲ್ಲಿ, ಸರಿಯಾಗಿ ಎದುರಿಗೆ ಇರುವುದು ಅಮೆರಿಕದ ಮಂಟಪ. ಅದರ ಮುಂದೆ ಎಲ್ಲರೂ ಓಡಾಡುವ ರಸ್ತೆ. ರಸ್ತೆ ದಾಟಿದರೆ ಅಮೆರಿಕ ಗಾರ್ಡನ್ಸ್ ಥಿಯೇಟರ್ ಎಂಬ ಬಯಲು ರಂಗಮಂದಿರ. ವೇದಿಕೆ ಕೆರೆಯ ಕಡೆಗಿದೆ, ಪ್ರೇಕ್ಷಕರು ರಸ್ತೆಗೆ ಬೆನ್ನು ಹಾಕಿ ಬೆಂಚುಗಳ ಮೇಲೆ ಕೂರುತ್ತಾರೆ. ಕಾಯರ್‌ನವರು ಕೈಯಲ್ಲಿ ಮೇಣದಬತ್ತಿಯಂಥ ದೀಪ ಹಿಡಿದು ಪ್ರೇಕ್ಷಕರ ಹಿಂದಿನಿಂದ ಬರುತ್ತಾರೆ. ಸಾಲುಗಳ ನಡುವಿನ ದಾರಿಯಲ್ಲಿ ಹಾದು ವೇದಿಕೆ ಹತ್ತುತ್ತಾರೆ. ಕಾರ್ಯಕ್ರಮದ ಹೆಸರಿನಲ್ಲಿರುವ ಮೆರವಣಿಗೆ ಇದೇ.

ಮೊದಲು ರಾತ್ರಿ, ಆಮೇಲೆ ಸೀಟು

ಪ್ರತಿ ವರ್ಷ ಬೇರೆ ಬೇರೆ ನಿರೂಪಕರು ಬರುತ್ತಾರೆ. ಸಾಮಾನ್ಯವಾಗಿ ಒಬ್ಬರು ಎರಡು ಮೂರು ರಾತ್ರಿ ಓದುತ್ತಾರೆ, ಆಮೇಲೆ ಇನ್ನೊಬ್ಬರ ಸರದಿ. ಯಾರು ಯಾವ ದಿನ ಅನ್ನುವ ಪಟ್ಟಿಯನ್ನು ಡಿಸ್ನಿಯವರು ತಿಂಗಳುಗಳ ಮೊದಲೇ, ಕಂತು ಕಂತಾಗಿ ಬಿಡುತ್ತಾರೆ. ಕ್ಯೂ ಎಷ್ಟು ಉದ್ದ ಬೆಳೆಯುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಬಹುಪಾಲು ಈ ಪಟ್ಟಿಯೇ.

ನೀಲ್ ಪ್ಯಾಟ್ರಿಕ್ ಹ್ಯಾರಿಸ್ ಓದುವ ರಾತ್ರಿಗಳು ಇದಕ್ಕೆ ದೊಡ್ಡ ಉದಾಹರಣೆ. ಅವರು ವರ್ಷ ವರ್ಷ ಬಂದು ಓದಿದ್ದಾರೆ, ಅವರಿಗಾಗಿಯೇ ಬರುವ ಜನ ಇದ್ದಾರೆ. ಆ ದಿನಗಳಲ್ಲಿ ಪ್ಯಾಕೇಜ್‌ಗಳು ಬೇಗ ಖಾಲಿ. ಪ್ಯಾಕೇಜ್ ಇಲ್ಲದವರ ಸ್ಟ್ಯಾಂಡ್‌ಬೈ ಕ್ಯೂ ಗಂಟೆಗಟ್ಟಲೆ. ವೂಪಿ ಗೋಲ್ಡ್‌ಬರ್ಗ್, ಗ್ಯಾರಿ ಸಿನೀಸ್ ಅಂಥವರ ಹೆಸರಿಗೂ ಜನ ಜಾಸ್ತಿ ಸೇರುತ್ತಾರೆ.

ಆದರೆ ಗಮನಿಸಿ. ನಿರೂಪಕರು ಬದಲಾದರೂ ಆರ್ಕೆಸ್ಟ್ರಾ ಅದೇ, ಹಾಡುಗಳು ಅವೇ, ಓದುವ ಕಥೆಯೂ ಅದೇ. ಯಾರೇ ಬಂದರೂ ಕೊನೆಗೆ ಹ್ಯಾಂಡೆಲ್ ಎಂಬ ಸಂಗೀತಗಾರ ರಚಿಸಿದ ಹಲ್ಲೆಲೂಯ ಹಾಡು ಬರುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಅಮೆರಿಕದ ಟಿವಿ ನೋಡಿ ಬೆಳೆಯದ ನಮ್ಮಂಥವರಿಗೆ ಈ ನಿರೂಪಕರಲ್ಲಿ ಅರ್ಧ ಜನ ಯಾರು ಅಂತಲೇ ಗೊತ್ತಿರುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗಂತೂ ಅದು ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ಬೇಕಿರುವುದು ಹಾಡು, ದೀಪ, ಆ ಮೆರವಣಿಗೆ. ಹಾಗಿರುವಾಗ ದೊಡ್ಡ ಹೆಸರಿನ ರಾತ್ರಿಯಲ್ಲಿ ನೂಕಾಡುವುದು ಯಾಕೆ? ಅಷ್ಟಾಗಿ ಹೆಸರಿಲ್ಲದ ನಿರೂಪಕರ ರಾತ್ರಿಯನ್ನು ಆರಿಸಿಕೊಳ್ಳಿ. ಅದೇ ಸಂಗೀತ ಕಡಿಮೆ ಕಷ್ಟಕ್ಕೆ ಸಿಗುತ್ತದೆ. ಇನ್ನೊಂದು ವಿಷಯ: ಪ್ರಕಟವಾದ ನಿರೂಪಕರು ಕೊನೆ ಗಳಿಗೆಯಲ್ಲಿ ಬದಲಾಗುವುದೂ ಉಂಟು. ಬರೀ ಹೆಸರು ನಂಬಿ ವಿಮಾನದ ಟಿಕೆಟ್ ತೆಗೆಯಬೇಡಿ.

ವಾರದ ಲೆಕ್ಕವೂ ಇದೆ. ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯದ ಜನ ಕರಗಿದ ಮೇಲೆ, ಡಿಸೆಂಬರ್‌ನ ಮೊದಲ ಎರಡು ವಾರಗಳ ಕೆಲಸದ ದಿನಗಳು ವಾಸಿ. ಡಿಸೆಂಬರ್ 20 ದಾಟಿತೋ, ಪಾರ್ಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಕ್ಕಳ ಶಾಲೆಗೆ ರಜೆ ಸಿಗುವುದು ಆಗಲೇ, ಏನು ಮಾಡುವುದು? ಆ ದಿನಗಳಲ್ಲೇ ಹೋಗಬೇಕಾದವರು ಮುಂದಿನ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಿ.

ಊಟದ ಪ್ಯಾಕೇಜ್: ಕೊಡುವುದು ಸೀಟು, ಒಳ್ಳೆ ಸೀಟಲ್ಲ

ವ್ಯವಸ್ಥೆ ಹೀಗಿದೆ. ಎಪ್‌ಕಾಟ್‌ನ ಕೆಲವು ಹೋಟೆಲ್‌ಗಳು ಈ ಪ್ಯಾಕೇಜ್ ಮಾರುತ್ತವೆ. ಅಲ್ಲಿ ನಿಗದಿತ ದರದ ಪೂರ್ತಿ ಊಟ ಮಾಡುತ್ತೀರಿ. ಅದರ ಜೊತೆಗೆ ಆ ರಾತ್ರಿಯ ಒಂದು ಪ್ರದರ್ಶನಕ್ಕೆ ಖಚಿತ ಸೀಟು ಸಿಗುತ್ತದೆ. ಪಾರ್ಕ್ ಟಿಕೆಟ್ ಬೇರೆಯೇ ಇರಬೇಕು, ಅದು ಇದರಲ್ಲಿ ಸೇರಿಲ್ಲ.

ಹೆಚ್ಚಿನವರು ಎಡವುವುದು ಖಚಿತ ಸೀಟು ಎಂಬ ಮಾತಿನಲ್ಲಿ. ನಿಮ್ಮ ಹೆಸರು ಬರೆದ ಕುರ್ಚಿ ಯಾವುದೂ ಇಲ್ಲ. ಪ್ಯಾಕೇಜ್‌ನವರಿಗೆ ಮೊದಲು ಒಳಗೆ ಬಿಡುತ್ತಾರೆ, ಅಷ್ಟೇ. ಅವರೊಳಗೆ ಯಾರು ಮೊದಲು ಬಂದರೋ ಅವರಿಗೆ ಒಳ್ಳೆ ಜಾಗ. ಅಂದರೆ ಪ್ಯಾಕೇಜ್ ಕೊಂಡವರೂ ಕ್ಯೂ ನಿಲ್ಲಬೇಕು! ಕ್ಯೂ ಚಿಕ್ಕದು, ಒಳಗೆ ಹೋಗುವುದು ಗ್ಯಾರಂಟಿ, ವ್ಯತ್ಯಾಸ ಅಷ್ಟೇ. ಕೊನೆ ನಿಮಿಷಕ್ಕೆ ಓಡಿಬಂದರೆ ಪಕ್ಕದ ಸಾಲುಗಳ ತುದಿ ಸಿಗುತ್ತದೆ. ಹೇಳಿದ ಸಮಯ ಮೀರಿದರೆ ಆ ಗ್ಯಾರಂಟಿಯೂ ಇರುವುದಿಲ್ಲ. ನನ್ನ ಕೇಳಿದರೆ, ಮಧ್ಯದ ಸಾಲು ಬೇಕು ಅನ್ನುವವರು ಪ್ಯಾಕೇಜ್ ಇದ್ದರೂ ಮುಕ್ಕಾಲು ಗಂಟೆ, ಒಂದು ಗಂಟೆ ಮೊದಲು ಅಲ್ಲಿರಬೇಕು.

ಹಾಗಾದರೆ ಬೆಲೆಗೆ ತಕ್ಕದ್ದಾ? ಲೆಕ್ಕ ಹಾಕುವ ಸುಲಭ ದಾರಿ ಇದೆ. ಅದೇ ಹೋಟೆಲ್‌ನಲ್ಲಿ ಪ್ಯಾಕೇಜ್ ಇಲ್ಲದೆ ಅದೇ ಊಟಕ್ಕೆ ಎಷ್ಟಾಗುತ್ತದೆ ನೋಡಿ. ಮೆನು ಮತ್ತು ದರ ಎರಡೂ ಡಿಸ್ನಿ ವೆಬ್‌ಸೈಟ್‌ನಲ್ಲಿವೆ. ಪ್ಯಾಕೇಜ್ ದರದಿಂದ ಅದನ್ನು ಕಳೆಯಿರಿ. ಉಳಿದದ್ದೇ ಸೀಟಿನ ಬೆಲೆ. ಬಫೆ ಹೋಟೆಲ್‌ಗಳಲ್ಲಿ ಈ ಲೆಕ್ಕ ನೇರ. ಮೆನು ನೋಡಿ ಆರ್ಡರ್ ಮಾಡುವ ಕಡೆ ಸ್ವಲ್ಪ ಮೋಸದ ಲೆಕ್ಕ, ಯಾಕೆಂದರೆ ಪ್ಯಾಕೇಜ್‌ನಲ್ಲಿ ಸ್ಟಾರ್ಟರ್, ಮುಖ್ಯ ಊಟ, ಸಿಹಿ ಎಲ್ಲಕ್ಕೂ ದುಡ್ಡು ಕೊಟ್ಟಿರುತ್ತೀರಿ. ನಾವು ಸಾಮಾನ್ಯವಾಗಿ ಎರಡು ಐಟಂ ಹಂಚಿಕೊಂಡು ತಿನ್ನುವ ಜನ ಅಲ್ವಾ? ಒಬ್ಬೊಬ್ಬರಿಗೂ ಪೂರ್ತಿ ಊಟ ಅಂದರೆ ಬಿಲ್ ಸಿಕ್ಕಾಪಟ್ಟೆ ಏರುತ್ತದೆ. 3 ರಿಂದ 9 ವರ್ಷದ ಮಕ್ಕಳಿಗೆ ಮಕ್ಕಳ ದರ. 10 ತುಂಬಿದರೆ ದೊಡ್ಡವರ ದರ, ಮಗು ಎರಡು ತುತ್ತು ತಿಂದರೂ ಅಷ್ಟೇ.

ಸಸ್ಯಾಹಾರಿಗಳ ವಿಷಯ ಬೇರೆಯೇ ಹೇಳಬೇಕು. ಪಟ್ಟಿಯಲ್ಲಿರುವ ಹೋಟೆಲ್‌ಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದರೆ ಮತ್ತೆ ಮತ್ತೆ ಕಾಣುವ ಹೆಸರುಗಳಲ್ಲಿ ಕೆಲವನ್ನು ನೋಡಿ. ಜರ್ಮನಿ ಮಂಟಪದ ಬಿಯರ್‌ಗಾರ್ಟನ್ ಬಫೆ. ಮಾಂಸವೇ ಮುಖ್ಯ, ಆದರೂ ಆಲೂಗಡ್ಡೆ, ಸಲಾಡ್, ಬ್ರೆಡ್, ಸಿಹಿ ಅಂತ ಹೊಟ್ಟೆ ತುಂಬುತ್ತದೆ. ಜೊತೆಗೆ ಬ್ಯಾಂಡ್ ಗಲಾಟೆ, ಮಕ್ಕಳಿಗೆ ಖುಷಿ. ಗಾರ್ಡನ್ ಗ್ರಿಲ್‌ನಲ್ಲಿ ಇಡೀ ಹೋಟೆಲ್ ನಿಧಾನವಾಗಿ ತಿರುಗುತ್ತದೆ, ಡಿಸ್ನಿ ಕಾರ್ಟೂನಿನ ಅಳಿಲುಗಳಾದ ಚಿಪ್ ಮತ್ತು ಡೇಲ್ ಮೇಜಿನ ಹತ್ತಿರ ಬರುತ್ತಾರೆ. ಸಸ್ಯಾಹಾರ ಅಂತ ಹೇಳಿದರೆ ಬೇರೆ ಮಾಡಿಕೊಡುತ್ತಾರೆ. ಇಂಥ ಪಾತ್ರಗಳು ಬರುವ ಜಾಗ ದುಬಾರಿ. ಕೋರಲ್ ರೀಫ್‌ನಲ್ಲಿ ಮೀನಿನ ಗಾಜಿನ ತೊಟ್ಟಿ ನೋಡುತ್ತಾ ಮೀನೇ ತಿನ್ನುವ ವ್ಯವಸ್ಥೆ, ನಮ್ಮ ಕರಾವಳಿಯವರಿಗೆ ಬಿಟ್ಟಿದ್ದು. ರೀಗಲ್ ಈಗಲ್ ಅಮೆರಿಕ ಮಂಟಪದಲ್ಲೇ ಇದೆ, ಕೌಂಟರ್‌ನಲ್ಲಿ ತೆಗೆದುಕೊಂಡು ತಿನ್ನುವ ಬಾರ್ಬೆಕ್ಯೂ ಜಾಗ. ಅದು ಪ್ಯಾಕೇಜ್ ಪಟ್ಟಿಯಲ್ಲಿದ್ದ ವರ್ಷ ಜೇಬಿಗೆ ಹಗುರ. ರಂಗಮಂದಿರಕ್ಕೂ ನಾಲ್ಕು ಹೆಜ್ಜೆ. ಡಿಸ್ನಿ ಮೆನುಗಳಲ್ಲಿ ಪೂರ್ತಿ ಸಸ್ಯಜನ್ಯ ತಿನಿಸಿನ ಪಕ್ಕ ಎಲೆಯ ಗುರುತು ಇರುತ್ತದೆ, ಬುಕ್ ಮಾಡುವ ಮೊದಲೇ ಅದನ್ನು ಹುಡುಕಿಕೊಳ್ಳಿ. ಹಾಲು, ಮೊಸರು ತಿನ್ನುವವರಿಗೆ ಆಯ್ಕೆ ಇನ್ನೂ ಸ್ವಲ್ಪ ಜಾಸ್ತಿ. ಮೊಟ್ಟೆ, ಬೆಳ್ಳುಳ್ಳಿ ಅಂತ ಏನಾದರೂ ನಿಯಮ ಇದ್ದರೆ ಬುಕಿಂಗ್‌ನಲ್ಲೇ ಬರೆಯಿರಿ, ಅಲ್ಲಿ ಹೋದ ಮೇಲೂ ಹೇಳಿ.

ಹೋಟೆಲ್ ಎಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ಗಾರ್ಡನ್ ಗ್ರಿಲ್, ಕೋರಲ್ ರೀಫ್ ಎರಡೂ ಪಾರ್ಕಿನ ಮುಂಭಾಗದಲ್ಲಿವೆ. ಅಲ್ಲಿಂದ ರಂಗಮಂದಿರಕ್ಕೆ ಇಡೀ ಪಾರ್ಕ್ ದಾಟಿ ಹೋಗಬೇಕು. ರಾತ್ರಿ ಊಟದ ಪ್ಯಾಕೇಜ್ ತೆಗೆದುಕೊಂಡು, ಊಟ ಮುಗಿಸಿ, ಬಿಲ್ ಕೊಟ್ಟು, ಅಮ್ಮನ ಮಂಡಿನೋವಿನ ಜೊತೆ ಅಷ್ಟು ದೂರ ನಡೆಯುವಾಗ ಮೊದಲು ಬಂದವರೆಲ್ಲ ಒಳ್ಳೆ ಜಾಗ ಹಿಡಿದಿರುತ್ತಾರೆ. ಅದಕ್ಕೇ ನನ್ನ ಮತ ಮಧ್ಯಾಹ್ನದ ಊಟದ ಪ್ಯಾಕೇಜ್‌ಗೆ. ಮಧ್ಯಾಹ್ನದ ಊಟಕ್ಕೆ ಕೂತು, ನಿಧಾನವಾಗಿ ತಿಂದು, ಸ್ವಲ್ಪ ಸುತ್ತಾಡಿ, ಸಂಜೆ ಆರಾಮಾಗಿ ಕ್ಯೂಗೆ ಹೋಗಬಹುದು. ಹೊಟ್ಟೆಯೂ ಭಾರ ಇರುವುದಿಲ್ಲ, ಸಮಯದ ಜಗಳವೂ ಇಲ್ಲ. ಎಲ್ಲ ಹೋಟೆಲ್‌ಗಳಲ್ಲೂ ಮಧ್ಯಾಹ್ನದ್ದು ಸಿಗುವುದಿಲ್ಲ, ಸಿಗುವ ಕಡೆ ಅದನ್ನೇ ಹಿಡಿಯಿರಿ.

ಬುಕಿಂಗ್ ತೆರೆಯುವ ದಿನ ವರ್ಷಕ್ಕೊಂದು. ನಿರೂಪಕರ ಪಟ್ಟಿಯ ಆಸುಪಾಸಿನಲ್ಲೇ ತಿಳಿಸುತ್ತಾರೆ. ರಜೆಯ ವಾರ ಬೇಕಿದ್ದವರು ತೆರೆದ ದಿನವೇ ಕೂತು ಮಾಡಬೇಕು. ಸಿಗಲಿಲ್ಲ ಅಂದರೆ ನಿರಾಸೆ ಬೇಡ. ಹೊರಡುವ ದಿನ ಹತ್ತಿರ ಬಂದಂತೆ ಜನ ಯೋಜನೆ ಬದಲಿಸುತ್ತಾರೆ, ಬುಕಿಂಗ್ ಬಿಡುತ್ತಾರೆ. ಆಗ ದಿನಕ್ಕೆ ಒಂದೆರಡು ಸಲ ಡಿಸ್ನಿ ಆ್ಯಪ್ ತೆರೆದು ನೋಡುತ್ತಿರಿ. ನಾಲ್ಕು ಜನಕ್ಕೆ ಸಿಗದಿದ್ದರೆ ಇಬ್ಬರಿಬ್ಬರಿಗೆ ಹುಡುಕಿ. ರದ್ದು ಮಾಡುವ ನಿಯಮವನ್ನು ಕಾರ್ಡ್ ನಂಬರ್ ಹಾಕುವ ಮೊದಲೇ ಓದಿಕೊಳ್ಳಿ. ಹೇಳದೆ ಕೇಳದೆ ಹೋಗದಿದ್ದರೆ ದುಡ್ಡು ಕಟ್ ಆಗುತ್ತದೆ.

ಸ್ಟ್ಯಾಂಡ್‌ಬೈ: ದುಡ್ಡಿಲ್ಲ, ಆದರೆ ಸಂಜೆ ಪೂರ್ತಿ ಅದಕ್ಕೇ

ಪ್ಯಾಕೇಜ್ ಇಲ್ಲದವರು ಸ್ಟ್ಯಾಂಡ್‌ಬೈ ಕ್ಯೂನಲ್ಲಿ ನಿಲ್ಲುತ್ತಾರೆ. ಪ್ಯಾಕೇಜ್‌ನವರು ಕೂತ ಮೇಲೆ ಉಳಿದ ಜಾಗಕ್ಕೆ ಇವರನ್ನು ಬಿಡುತ್ತಾರೆ. ಪ್ರತಿ ಪ್ರದರ್ಶನಕ್ಕೆ ಬೇರೆ ಕ್ಯೂ. ಜಾಗ ತುಂಬಿತು ಅನ್ನಿಸಿದಾಗ ಸಿಬ್ಬಂದಿ ಕ್ಯೂವನ್ನೇ ಮುಚ್ಚುತ್ತಾರೆ. ಹೆಸರಿಲ್ಲದ ನಿರೂಪಕರ ವಾರದ ದಿನಕ್ಕೆ ಒಂದು ಗಂಟೆ ಮೊದಲು ಹೋದರೆ ಸಾಮಾನ್ಯವಾಗಿ ಸಾಕು. ದೊಡ್ಡ ಹೆಸರು ಇರುವ ದಿನ, ಅಥವಾ ಕ್ರಿಸ್‌ಮಸ್ ವಾರ, ಮಧ್ಯಾಹ್ನದಿಂದಲೇ ಜನ ನಿಂತಿರುತ್ತಾರೆ.

ಒಂದು ಗುಟ್ಟು ಏನೆಂದರೆ, ಸ್ಟ್ಯಾಂಡ್‌ಬೈನಲ್ಲಿ ಮೊದಲ ಕೆಲವರಾಗಿ ನಿಂತವರಿಗೆ ಒಮ್ಮೊಮ್ಮೆ ತಡವಾಗಿ ಬಂದ ಪ್ಯಾಕೇಜ್‌ನವರಿಗಿಂತ ಒಳ್ಳೆಯ ಜಾಗ ಸಿಗುತ್ತದೆ. ಜಾಸ್ತಿ ದುಡ್ಡು ಕೊಟ್ಟವರು ಮುಂದೆ, ಕೊಡದವರು ಹಿಂದೆ ಅಂತ ಕಟ್ಟುನಿಟ್ಟಿನ ಗೆರೆ ಏನಿಲ್ಲ. ಆದ್ದರಿಂದ ಸಮಯ ಇದ್ದವರಿಗೆ ಇದು ನಿಜವಾಗಿಯೂ ಲಾಭದ ದಾರಿ.

ಲೆಕ್ಕದ ಇನ್ನೊಂದು ಮುಖ ಏನು? ಡಿಸ್ನಿಯಲ್ಲಿ ಒಂದು ದಿನದ ಟಿಕೆಟ್ ದುಬಾರಿ, ಡಿಸೆಂಬರ್ ಕೊನೆಯಲ್ಲಂತೂ ಕೇಳಲೇಬೇಡಿ. ಅಂಥ ದಿನದ ಎರಡು ಗಂಟೆ ಕ್ಯೂನಲ್ಲಿ ನಿಂತರೆ ಆ ಎರಡು ಗಂಟೆಗೂ ಬೆಲೆ ಇದೆ. ಎಪ್‌ಕಾಟ್‌ಗೆ ಒಂದೇ ದಿನ ಇಟ್ಟುಕೊಂಡವರು, ರೈಡ್‌ಗಳನ್ನೂ ಹತ್ತಬೇಕು ಅನ್ನುವವರು ಇದನ್ನು ಯೋಚಿಸಬೇಕು. ಒರ್ಲಾಂಡೊ, ಟ್ಯಾಂಪಾ ಕಡೆಯೇ ಇದ್ದು ವಾರ್ಷಿಕ ಪಾಸ್ ಮಾಡಿಸಿಕೊಂಡವರಿಗೆ ಈ ಚಿಂತೆ ಇಲ್ಲ. ಅವರು ಪ್ಯಾಕೇಜ್‌ಗೆ ದುಡ್ಡು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಇವತ್ತು ಕ್ಯೂ ಉದ್ದ ಇದ್ದರೆ ಇನ್ನೊಂದು ದಿನ ಬಂದರಾಯಿತು.

ಕ್ಯೂನಲ್ಲಿ ನಿಲ್ಲುವವರಿಗೆ ಕೆಲವು ಮಾತು. ಮಡಚುವ ಕುರ್ಚಿ ಪಾರ್ಕಿನೊಳಗೆ ಬಿಡುವುದಿಲ್ಲ. ನೆಲದ ಮೇಲೆ ಕೂರಲು ಒಂದು ಟವಲ್ ತನ್ನಿ. ತಿಂಡಿ ತರಬಹುದು, ಗಾಜಿನ ಬಾಟಲಿ ಮತ್ತು ಮದ್ಯ ಇರಬಾರದು ಅಷ್ಟೇ. ಚಪಾತಿ ರೋಲ್, ಚಕ್ಕುಲಿ, ಪುಳಿಯೋಗರೆ ಎಲ್ಲಕ್ಕೂ ಬ್ಯಾಗಿನಲ್ಲಿ ಜಾಗ ಇರಲಿ. ಪ್ಯಾಕೇಜ್‌ನ ಜರ್ಮನ್ ಸಾಸೇಜ್‌ಗಿಂತ ನನಗೆ ಇದೇ ಒಳ್ಳೆ ಊಟ! ಟಾಯ್ಲೆಟ್‌ಗೆ ಹೋಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಒಬ್ಬರನ್ನು ನಿಲ್ಲಿಸಿ, ಕೊನೆಗೆ ಹತ್ತು ಜನ ಬಂದು ಸೇರಿಕೊಳ್ಳುವುದು ಬೇಡ. ಸಿಬ್ಬಂದಿ ತಡೆಯುತ್ತಾರೆ. ತಡೆಯದಿದ್ದರೂ ಹಿಂದೆ ನಿಂತವರು ನೋಡುವ ನೋಟ ಸಾಕು.

ತುಂಬ ಹೊತ್ತು ನಿಲ್ಲಲಾಗದ ಹಿರಿಯರಿದ್ದರೆ ಬೆಳಗ್ಗೆ ಪಾರ್ಕಿನ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ತೆಗೆದುಕೊಳ್ಳಿ. ನಮ್ಮವರಿಗೆ ಇದರಲ್ಲಿ ಸಂಕೋಚ. ನನಗೇನಾಗಿದೆ ಅಂತ ಅಪ್ಪ ಬೈಯುತ್ತಾರೆ. ಕೆರೆಯ ಸುತ್ತ ಒಂದು ಸುತ್ತಿಗೇ ಸುಮಾರು 2 ಕಿಲೋಮೀಟರ್ ಆಗುತ್ತದೆ ಅಂತ ಮೊದಲೇ ಹೇಳಿ, ಒಪ್ಪಿಸಿ.

ಮೂರರಲ್ಲಿ ಯಾವುದು

ಮೊದಲನೆಯ ಪ್ರದರ್ಶನ ಸಂಜೆ 5 ರ ಆಸುಪಾಸು. ಎರಡನೆಯದು ಆರೂವರೆ ಏಳರ ಹೊತ್ತಿಗೆ. ಮೂರನೆಯದು 8 ದಾಟಿ. ನಿಮಿಷ ವರ್ಷ ವರ್ಷ ಬದಲಾಗುತ್ತದೆ, ಹೋಗುವ ದಿನದ ಸಮಯ ಆ್ಯಪ್‌ನಲ್ಲಿ ನೋಡಿಕೊಳ್ಳಿ.

ಸಣ್ಣ ಮಕ್ಕಳಿದ್ದರೆ ಮೊದಲನೆಯದು. ಡಿಸೆಂಬರ್‌ನಲ್ಲಿ ಅಲ್ಲಿ ಐದೂವರೆಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಮೆರವಣಿಗೆ ಬರುವಾಗ ಇನ್ನೂ ಬೆಳಕು, ಹಲ್ಲೆಲೂಯ ಬರುವಾಗ ಕತ್ತಲು. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ದೀಪಗಳ ಸಾಲು ಕತ್ತಲಲ್ಲಿ ಬರುವ ಸೊಗಸು ಇಲ್ಲ. ಆ ಸೊಗಸು ಬೇಕಿದ್ದರೆ ಎರಡನೆಯದೋ ಮೂರನೆಯದೋ. ಸ್ಟ್ಯಾಂಡ್‌ಬೈಗೆ ಮೂರನೆಯದೇ ನನ್ನ ಆಯ್ಕೆ. ಅಷ್ಟು ಹೊತ್ತಿಗೆ ಮಕ್ಕಳಿರುವ ಮನೆಯವರು ಸುಸ್ತಾಗಿ ಹೊರಟಿರುತ್ತಾರೆ. ರಾತ್ರಿ ಕೆರೆಯ ಮೇಲೆ ನಡೆಯುವ ಪಟಾಕಿ ಪ್ರದರ್ಶನಕ್ಕೆ ಜಾಗ ಹಿಡಿಯುವವರು ದಡದ ಕಡೆ ಹೋಗಿರುತ್ತಾರೆ. ಎರಡನೆಯದಕ್ಕೆ ಸೀಟು ಸಿಗದವರು ಅಲ್ಲೇ ಉಳಿದರೆ ಈ ಲೆಕ್ಕ ಕೆಡುತ್ತದೆ, ಅದಕ್ಕೆ ದೊಡ್ಡ ಹೆಸರಿನ ರಾತ್ರಿ ಇದನ್ನು ನೆಚ್ಚಬೇಡಿ.

ಐದು ವರ್ಷದೊಳಗಿನ ಮಕ್ಕಳ ಬಗ್ಗೆ ನೇರವಾಗಿ ಹೇಳುತ್ತೇನೆ. ಕ್ಯೂನಲ್ಲಿ ಒಂದು ಗಂಟೆ, ಆಮೇಲೆ ಮುಕ್ಕಾಲು ಗಂಟೆ ಸದ್ದಿಲ್ಲದೆ ಕೂರುವುದು ಅವರ ಕೈಲಿ ಆಗುವುದಿಲ್ಲ. ಕುಣಿತ ಇಲ್ಲ, ಗೊಂಬೆಗಳಿಲ್ಲ. ಅವರಿಗಾಗಿ ಪ್ಯಾಕೇಜ್ ಕೊಳ್ಳುವುದು ವ್ಯರ್ಥ. ಅಂಥವರಿಗೆ ಬೇರೆ ದಾರಿ ಇದೆ, ಈಗ ಹೇಳುತ್ತೇನೆ.

ಹಿಂದೆ ನಿಂತು ನೋಡುವುದು

ರಂಗಮಂದಿರಕ್ಕೆ ಎತ್ತರದ ಗೋಡೆ ಇಲ್ಲ. ಬೆಂಚುಗಳ ಹಿಂದೆ, ರಸ್ತೆಯ ಕಡೆಯಿಂದ ಎಷ್ಟೋ ಜನ ನಿಂತೇ ನೋಡುತ್ತಾರೆ. ವೇದಿಕೆ ದೂರ, ಮುಖಗಳು ಸರಿಯಾಗಿ ಕಾಣುವುದಿಲ್ಲ, ಮರಗಳು ಅಡ್ಡ ಬರುತ್ತವೆ. ಆದರೆ ಧ್ವನಿವರ್ಧಕ ಇರುವುದರಿಂದ ಹಾಡು ಚೆನ್ನಾಗಿ ಕೇಳಿಸುತ್ತದೆ. ಕಾಯರ್ ಅಮೆರಿಕ ಮಂಟಪದ ಕಡೆಯಿಂದ ಬರುವುದರಿಂದ ಮೆರವಣಿಗೆ ಒಳಗೆ ಕೂತ ಹಲವರಿಗಿಂತ ಹತ್ತಿರದಲ್ಲಿ ಹಾದುಹೋಗುತ್ತದೆ. ಆಗ ಸ್ವಲ್ಪ ಹೊತ್ತು ರಸ್ತೆಯ ಓಡಾಟ ತಡೆಯುತ್ತಾರೆ. ಇಪ್ಪತ್ತು ನಿಮಿಷ ಮೊದಲು ಹೋಗಿ ಮುಂದೆ ನಿಂತುಕೊಂಡರೆ ಆಯಿತು.

ಮಗು ಅತ್ತರೆ ತಕ್ಷಣ ಹೊರಡಬಹುದು. ಇಷ್ಟವಾಗದಿದ್ದರೆ ಎರಡು ಹಾಡು ಕೇಳಿ ಜಪಾನ್ ಮಂಟಪಕ್ಕೆ ಹೋಗಬಹುದು. ಕಾರ್ಯಕ್ರಮ ನಮಗೆ ಹಿಡಿಸುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದವರಿಗೂ ಇದೇ ಸರಿ. ಪೂರ್ತಿ ಧಾರ್ಮಿಕ ಕಥೆ, ಇಂಗ್ಲಿಷ್ ಬೈಬಲ್ ಓದು, ಪಾಶ್ಚಾತ್ಯ ಕಾಯರ್. ಎಲ್ಲರಿಗೂ ಹಿಡಿಸಲೇಬೇಕು ಅಂತ ಏನಿಲ್ಲ ಅಲ್ವಾ? ಮೊದಲ ಪ್ರದರ್ಶನವನ್ನು ಹೀಗೆ ನಿಂತು ನೋಡಿ, ಮನಸ್ಸಿಗೆ ಬಂದರೆ ಅದೇ ರಾತ್ರಿ ಮೂರನೆಯದಕ್ಕೆ ಕ್ಯೂ ಸೇರಬಹುದು.

ಹಾಡು ಮಾತ್ರ ಸಾಕು ಅನ್ನುವವರಿಗೆ ಇನ್ನೂ ಸುಲಭದ್ದು ಇದೆ. ಕಾಯರ್‌ನ ಬೆನ್ನೆಲುಬಾಗಿ ಹಾಡುವ ತಂಡ ವಾಯ್ಸಸ್ ಆಫ್ ಲಿಬರ್ಟಿ. 1982ರಲ್ಲಿ ಎಪ್‌ಕಾಟ್ ತೆರೆದಾಗಿನಿಂದ ಇರುವ ತಂಡ ಇದು. ಹಗಲಲ್ಲಿ ಅಮೆರಿಕ ಮಂಟಪದ ಒಳಗೆ, ಗುಮ್ಮಟದ ಕೆಳಗೆ, ವಾದ್ಯಗಳಿಲ್ಲದೆ ಹಾಡುತ್ತಾರೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹಾಡುಗಳೇ. ನೆಲದ ಮೇಲೆ ಕೂತು ಕೇಳಬಹುದು, ಕ್ಯೂ ಇಲ್ಲ, ಎಸಿ ಇದೆ. ಗುಮ್ಮಟದಲ್ಲಿ ಆ ಧ್ವನಿಗಳು ಒಂದಾಗುವುದನ್ನು ಕೇಳಿದರೆ ಹೊರಗಿನ ಸ್ಪೀಕರ್‌ಗಿಂತ ಇದೇ ವಾಸಿ ಅನ್ನಿಸಿದರೂ ಆಶ್ಚರ್ಯ ಇಲ್ಲ.

ಒಳಗೆ ಹೋದ ಮೇಲೆ

ಮುಂದಿನ ಸಾಲಿಗೆ ನುಗ್ಗಬೇಡಿ. ವೇದಿಕೆಯ ಮಧ್ಯದಲ್ಲಿ ಕಾಯರ್‌ನವರನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸುತ್ತಾರೆ, ದೂರದಿಂದ ನೋಡಿದರೆ ಕ್ರಿಸ್‌ಮಸ್ ಮರದ ಆಕಾರ. ಹಸಿರು ನಿಲುವಂಗಿಯವರೇ ಮರ. ಇವರಲ್ಲಿ ಹೆಚ್ಚಿನವರು ಡಿಸ್ನಿಯಲ್ಲೇ ಬೇರೆ ಬೇರೆ ಕೆಲಸ ಮಾಡುವವರು. ಆಡಿಷನ್ ಕೊಟ್ಟು, ಅಭ್ಯಾಸ ಮಾಡಿ ಬಂದಿರುತ್ತಾರೆ. ಬೆಳಗ್ಗೆ ನಿಮಗೆ ಕಾಫಿ ಕೊಟ್ಟವರು ಸಂಜೆ ಆ ಮರದಲ್ಲಿ ಇರಬಹುದು. ಎರಡೂ ಪಕ್ಕ ಹೊರಗಿನ ಶಾಲಾ ಕಾಲೇಜುಗಳ ಕಾಯರ್‌ಗಳು ನಿಲ್ಲುತ್ತವೆ. ತೀರ ಮುಂದೆ ಕೂತರೆ ಕತ್ತು ಎತ್ತಿ ಒಂದು ತುಂಡು ನೋಡುತ್ತೀರಿ, ಮರ ಕಾಣುವುದಿಲ್ಲ. ಮಧ್ಯ ಭಾಗದ ನಡುವಿನ ಸಾಲುಗಳಿಂದ ಪೂರ್ತಿ ಚಿತ್ರ ಕಾಣುತ್ತದೆ.

ಅದರಲ್ಲೂ ದಾರಿ ಪಕ್ಕದ ತುದಿ ಸಿಕ್ಕರೆ ಬಿಡಬೇಡಿ. ದೀಪ ಹಿಡಿದವರು ಅಲ್ಲೇ, ಕೈಗೆಟುಕುವ ದೂರದಲ್ಲಿ ನಡೆಯುತ್ತಾರೆ. ಹಿಂದಿನಿಂದ ಹಾಡು ಹತ್ತಿರವಾಗುತ್ತಾ ಬಂದು ನಮ್ಮನ್ನು ದಾಟಿ ಮುಂದೆ ಹೋಗುತ್ತದೆ. ಇಡೀ ಕಾರ್ಯಕ್ರಮದಲ್ಲಿ ನನಗೆ ಹೆಚ್ಚು ಇಷ್ಟವಾಗುವ ಭಾಗ ಅದು. ನಿರೂಪಕರ ಮುಖ ಹತ್ತಿರದಿಂದ ನೋಡಲು ಮುಂದಿನ ಸಾಲು ಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಅವರು ಪುಸ್ತಕ ನೋಡಿಕೊಂಡು ಓದುತ್ತಾರೆ. ಈ ಕಾರ್ಯಕ್ರಮದಲ್ಲಿ ನೋಡಬೇಕಾದದ್ದು ಕಾಯರ್.

ಮಕ್ಕಳಿದ್ದರೆ ತುದಿ ಸೀಟಿಗೆ ಇನ್ನೊಂದು ಕಾರಣವೂ ಇದೆ. ಹಲ್ಲೆಲೂಯಕ್ಕೆ ಎಲ್ಲರೂ ಎದ್ದು ನಿಂತಾಗ ಮುಂದಿನವರ ಬೆನ್ನು ಬಿಟ್ಟರೆ ಮಗುವಿಗೆ ಏನೂ ಕಾಣುವುದಿಲ್ಲ. ತುದಿಯಲ್ಲಿದ್ದರೆ ಪಕ್ಕದ ದಾರಿಯ ಕಡೆಯಿಂದ ಇಣುಕಬಹುದು.

ಕ್ಯಾಲಿಫೋರ್ನಿಯಾದವರಿಗೆ

ಬೇ ಏರಿಯಾ, ಲಾಸ್ ಏಂಜಲಿಸ್ ಕಡೆ ಇರುವವರು ಡಿಸ್ನಿಲ್ಯಾಂಡ್‌ನದು ಹತ್ತಿರ ಅಲ್ವಾ ಅಂತ ಕೇಳುತ್ತಾರೆ. ಹತ್ತಿರ ಹೌದು. ಮೂಲವೂ ಅಲ್ಲಿಯದೇ. ಆದರೆ ಅಲ್ಲಿ ನಡೆಯುವುದು ಸಾಮಾನ್ಯವಾಗಿ ಡಿಸೆಂಬರ್ ಶುರುವಿನ ಎರಡು ರಾತ್ರಿ ಮಾತ್ರ. ಮೇನ್ ಸ್ಟ್ರೀಟ್‌ನ ರೈಲು ನಿಲ್ದಾಣದ ಮುಂದೆ ವೇದಿಕೆ ಮಾಡುತ್ತಾರೆ. ಕುರ್ಚಿಗಳು ಹೆಚ್ಚಾಗಿ ಆಹ್ವಾನಿತರಿಗೆ. ಉಳಿದವರು ಹಿಂದೆ ಒತ್ತೊತ್ತಾಗಿ ನಿಂತು ಸಿಕ್ಕಷ್ಟು ನೋಡಬೇಕು. ಸೀಟು ಬೇಕು ಅನ್ನುವವರು ಅದನ್ನು ನಂಬಿ ಹೋಗಬೇಡಿ. ಅಲ್ಲೇ ಇದ್ದೀರಿ, ಆ ದಿನ ಪಾಸ್ ಇದೆ ಅಂದರೆ ನಿಂತು ಕೇಳಿ ಬನ್ನಿ.

ಚಳಿ, ಮಳೆ, ವಾಪಸ್ ದಾರಿ

ಫ್ಲಾರಿಡಾ ಅಂದರೆ ಬಿಸಿಲು ಅಂತ ಬರೀ ಟೀ ಶರ್ಟ್‌ನಲ್ಲಿ ಹೋಗಬೇಡಿ. ಡಿಸೆಂಬರ್ ಹಗಲು 22, 23 ಡಿಗ್ರಿ ಇದ್ದರೂ ರಾತ್ರಿ 11, 12ಕ್ಕೆ ಇಳಿಯುತ್ತದೆ. ಕೆರೆ ಕಡೆಯಿಂದ ಗಾಳಿ ಬೀಸುತ್ತದೆ. ಬೆಂಚು ಕೂಡ ತಣ್ಣಗೆ ಕೊರೆಯುತ್ತದೆ. ಹಿರಿಯರಿಗೆ ಸ್ವೆಟರ್, ಕಿವಿಗೆ ಮಫ್ಲರ್ ಇರಲೇಬೇಕು. ತಲೆ ಮೇಲೆ ಸೂರು ಇಲ್ಲ, ಹನಿ ಮಳೆಗೆ ಒಂದು ರೇನ್‌ಕೋಟ್ ಬ್ಯಾಗಿನಲ್ಲಿರಲಿ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಗುಡುಗು ಮಿಂಚು ಬಂದರೆ ಪ್ರದರ್ಶನ ನಿಲ್ಲಿಸುತ್ತಾರೆ. ಮಳೆಯ ಸೂಚನೆ ಇರುವ ದಿನ ಮೂರನೆಯದಕ್ಕೆ ಕಾಯದೆ ಮೊದಲನೆಯದಕ್ಕೇ ಹೋಗಿ. ಆ ಪ್ರದರ್ಶನ ನಿಂತರೂ ಇನ್ನೂ ಎರಡು ಉಳಿದಿರುತ್ತವೆ.

ಸಂಜೆ ಅಲ್ಲಿಗೆ ತಲುಪಲು ನಡೆಯಲಾಗದವರು ಕೆರೆಯ ಮುಂಭಾಗದಿಂದ ದೋಣಿ ಹತ್ತಬಹುದು. ಜರ್ಮನಿ ಕಡೆಗೊಂದು, ಮೊರಾಕೊ ಕಡೆಗೊಂದು ಹೋಗುತ್ತದೆ. ಎಲ್ಲಿ ಇಳಿದರೂ ಅಮೆರಿಕ ಮಂಟಪಕ್ಕೆ ನಡುವೆ ಒಂದೇ ದೇಶ. ಸ್ಕೈಲೈನರ್ ಕೇಬಲ್ ಕಾರಿನಲ್ಲಿ ಬರುವವರಿಗೆ ಹಿಂದಿನ ಬಾಗಿಲು, ಅಂದರೆ ಇಂಟರ್‌ನ್ಯಾಷನಲ್ ಗೇಟ್‌ವೇ, ಹತ್ತಿರ. ಫ್ರಾನ್ಸ್, ಮೊರಾಕೊ, ಜಪಾನ್ ದಾಟಿದರೆ ರಂಗಮಂದಿರ.

ಮೂರನೆಯದು ಮುಗಿಸಿ ಹೊರಟಾಗ ಕೆರೆಯ ಮೇಲೆ ಪಟಾಕಿಯ ಪ್ರದರ್ಶನದ ಹೊತ್ತಾಗಿರುತ್ತದೆ. 2023ರ ಡಿಸೆಂಬರ್‌ನಿಂದ ನಡೆಯುತ್ತಿರುವುದು ಲ್ಯೂಮಿನಸ್. ಅದಕ್ಕೆ ಬೇರೆ ಜಾಗ ಹುಡುಕಬೇಡಿ, ಇಟಲಿ ಕಡೆ ನಾಲ್ಕು ಹೆಜ್ಜೆ ನಡೆದು ದಡದಲ್ಲಿ ಸಂದಿ ಸಿಕ್ಕಲ್ಲಿ ನಿಂತುಬಿಡಿ. ಪಟಾಕಿ ಮುಗಿದೊಡನೆ ಇಡೀ ಪಾರ್ಕ್ ಒಂದೇ ಸಲ ಗೇಟಿನ ಕಡೆ ಹರಿಯುತ್ತದೆ. ಕಾರು ಮುಂದಿನ ಪಾರ್ಕಿಂಗ್‌ನಲ್ಲಿದ್ದರೆ, ಅಪ್ಪ ಅಮ್ಮ ಜೊತೆಗಿದ್ದರೆ, ಪಟಾಕಿ ಬಿಟ್ಟು ಹಲ್ಲೆಲೂಯ ಮುಗಿದ ಕೂಡಲೇ ಹೊರಡುವುದು ಒಳ್ಳೆಯದು. ಮೆಕ್ಸಿಕೊ ತಲುಪುವಷ್ಟರಲ್ಲಿ ಹಿಂದಿನಿಂದ ಸದ್ದು ಶುರುವಾಗುತ್ತದೆ. ಆಕಾಶದ್ದು ಅಲ್ಲಿಂದಲೂ ಕಾಣುತ್ತದೆ.